ಗುಣಮಟ್ಟವೋ ಸಮಾನತೆಯೋ ಎಂದು ಕೇಳುವವರಿಗೆ

ಅಧ್ಯಾಪಕನಾಗಿ ಆರಂಭಿಸಿ, ಕೊನೆಯ ವರ್ಷಗಳಲ್ಲಿ ವಿಶ್ವವಿದ್ಯಾಲಯವೊಂದರ ಶೈಕ್ಷಣಿಕ ಯೋಜನೆ ಮತ್ತು ಸಮಾನ ಅವಕಾಶದ ಹೊಣೆ ಹೊತ್ತು ನಿವೃತ್ತನಾದ ನನ್ನನ್ನು, ದಾವಣಗೆರೆಯಲ್ಲಿ ಮದುವೆಮನೆಯಿಂದ ಹಿಡಿದು ಪಿ.ಜೆ. ಬಡಾವಣೆಯ ಬೆಳಗಿನ ನಡಿಗೆಯವರೆಗೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಸರ್, ಎಲ್ಲರನ್ನೂ ಸೇರಿಸಿಕೊಳ್ಳುತ್ತ ಹೋದರೆ ಗುಣಮಟ್ಟ ಉಳಿಯುತ್ತದೆಯೇ?"

ಪ್ರಶ್ನೆ ಹಳೆಯದು. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಆರಂಭವಾದ ಎರಡೇ ವರ್ಷಕ್ಕೆ, ಸರ್ಕಾರಿ ಸೇವೆಯಲ್ಲಿ ಹಿಂದುಳಿದವರ ಪ್ರಾತಿನಿಧ್ಯವನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ ಕಾಲದಲ್ಲಿಯೂ ದಕ್ಷತೆಯ ಹೆಸರಿನಲ್ಲಿ ಇದೇ ವಾದ ಎದ್ದಿತ್ತು. ನನ್ನ ಉತ್ತರವನ್ನು ನಾನು ಕಲಿತದ್ದು ಒಂದು ಹಾಜರಾತಿ ಪುಸ್ತಕದಿಂದ.

ನಮ್ಮಲ್ಲಿ ಮೊದಲ ತರಗತಿ ಬೆಳಿಗ್ಗೆ ಒಂಬತ್ತಕ್ಕೆ. ಪ್ರತಿ ವಿಷಯದಲ್ಲೂ ಶೇ. 75ರ ಹಾಜರಾತಿ ಇಲ್ಲದವರನ್ನು ಪರೀಕ್ಷೆಯಿಂದ ತಡೆಯುವ ಪಟ್ಟಿಗೆ ಸಹಿ ಮಾಡುವ ಮುನ್ನ ಆ ಪುಸ್ತಕವನ್ನು ತರಿಸಿಕೊಂಡೆ. ಕೆಲವು ಹೆಸರುಗಳ ಮುಂದೆ ಮೊದಲ ಪೀರಿಯಡ್‌ನಲ್ಲಿ ಮಾತ್ರ ಸಾಲಾಗಿ ಕೆಂಪು ಶಾಯಿಯ 'ಗೈ'. ಎರಡನೆಯದರಿಂದ ಸಂಜೆಯವರೆಗೆ ಒಂದೂ ಇಲ್ಲ. ಅವರಲ್ಲಿ ಹೆಚ್ಚಿನವರು ಜಗಳೂರು ಕಡೆಯ ಹಳ್ಳಿಗಳವರು. ಅವರ ಊರಿನ ಮೊದಲ ಬಸ್ಸು ನಿಲ್ದಾಣ ಮುಟ್ಟುವ ಹೊತ್ತಿಗೇ ಒಂಬತ್ತು ಗಂಟೆ ದಾಟಿರುತ್ತಿತ್ತು. ಇಡೀ ವರ್ಷ ನಾನೂ ಅವರನ್ನು ಸೋಮಾರಿಗಳೆಂದೇ ತಿಳಿದಿದ್ದೆ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ. ಕಷ್ಟದ ವಿಷಯಗಳನ್ನೆಲ್ಲ ಮೊದಲ ಪೀರಿಯಡ್‌ಗೇ ಇಟ್ಟಿದ್ದೆವು. ಅವರು ಪ್ರತಿದಿನ ಕಳೆದುಕೊಳ್ಳುತ್ತಿದ್ದದ್ದು ಆ ಪಾಠಗಳನ್ನೇ.

ವೇಳಾಪಟ್ಟಿಯನ್ನು ಹತ್ತು ಗಂಟೆಗೆ ಬದಲಾಯಿಸಿದೆವು. ಪಠ್ಯಕ್ರಮದ ಒಂದು ಸಾಲನ್ನೂ ಕಡಿಮೆ ಮಾಡಲಿಲ್ಲ, ಉತ್ತೀರ್ಣರಾಗಲು ಬೇಕಾದ ಅಂಕವನ್ನು ಇಳಿಸಲಿಲ್ಲ, ಆದರೂ ಮುಂದಿನ ಸೆಮಿಸ್ಟರ್‌ನ ತಡೆಪಟ್ಟಿಯಲ್ಲಿ ಆ ಹೆಸರುಗಳು ಇರಲಿಲ್ಲ. ಗುಣಮಟ್ಟ ಕುಸಿಯಿತೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ದೂರವೇ ಬಾಗಿಲು ಮುಚ್ಚುವ ಬಗೆ ಈ ಭಾಗದವರಿಗೆ ಚೆನ್ನಾಗಿ ಗೊತ್ತು. ದಾವಣಗೆರೆಗೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂದದ್ದು 1979ರಲ್ಲಿ. 1987ರಲ್ಲಿ ಅದು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿತು, 2009ರಲ್ಲಿ ತೋಳಹುಣಸೆಯಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಎಂ.ಎ. ಓದಲು ಮಗಳನ್ನು ಮೈಸೂರಿಗೆ ಕಳುಹಿಸಲಾರದ ತಂದೆ ತೋಳಹುಣಸೆಗೆ ಕಳುಹಿಸಿದಾಗ, ಆಕೆಯ ಬುದ್ಧಿಮಟ್ಟ ಒಂದಿಷ್ಟೂ ಬದಲಾಗಿರುವುದಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶವಿರಬೇಕೆಂದು ಹೇಳುತ್ತವೆ, ಅದು ಅಗತ್ಯವೂ ಹೌದು. ಆದರೆ ಆ ಕೋಶದ ಅಧಿಕಾರಿಗೆ ವೇಳಾಪಟ್ಟಿ, ಶುಲ್ಕದ ಕೊನೆಯ ದಿನಾಂಕ ಮತ್ತು ಹಾಸ್ಟೆಲ್ ಸೀಟುಗಳ ಬಗ್ಗೆ ಮಾತನಾಡುವ ಅಧಿಕಾರವಿಲ್ಲದಿದ್ದರೆ ಅದು ಬಾಗಿಲ ಮೇಲಿನ ಫಲಕವಾಗಿ ಉಳಿಯುತ್ತದೆ. ವಿದ್ಯಾರ್ಥಿವೇತನ ಖಾತೆಗೆ ಬರುವ ಮೊದಲೇ ಪರೀಕ್ಷಾ ಶುಲ್ಕದ ಗಡುವು ಮುಗಿಯುವಂತೆ ದಿನಾಂಕ ನಿಗದಿಪಡಿಸುವುದೂ ಶೈಕ್ಷಣಿಕ ನಿರ್ಧಾರವೇ, ಅದನ್ನು ಲೆಕ್ಕಪತ್ರ ವಿಭಾಗದ ಸಂಗತಿಯೆಂದು ಬಿಟ್ಟುಬಿಡಲಾಗದು.

ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಬೆಳಗಿನ ತರಗತಿಯನ್ನು ಒಂದು ಗಂಟೆ ಮುಂದಕ್ಕೆ ಹಾಕಿದ್ದರಿಂದ ಪ್ರಯೋಗಾಲಯದ ಅವಧಿ ಸಂಜೆ ಐದೂವರೆಗೆ ಸರಿಯಿತು, ಅದೇ ಹಳ್ಳಿಗಳ ಹೆಣ್ಣುಮಕ್ಕಳು ಕೊನೆಯ ಬಸ್ಸಿಗಾಗಿ ಪ್ರಯೋಗವನ್ನು ಅರ್ಧಕ್ಕೆ ಬಿಟ್ಟು ಚೀಲ ಹೆಗಲಿಗೇರಿಸಿ ಓಡತೊಡಗಿದರು. ಬಸ್ಸಿನ ಸಮಯ ಬದಲಿಸುವಂತೆ ಸಾರಿಗೆಯವರಿಗೆ ಮೂರು ಪತ್ರ ಬರೆದೆ. ನಾನು ನಿವೃತ್ತನಾದ ದಿನವೂ ಅವರು ಓಡುತ್ತಲೇ ಇದ್ದರು.