ಕರೆಂಟಿಲ್ಲದ ಹಿಮದ ಹಾದಿಗೆ ಮಿರರ್‌ಲೆಸ್ ಕ್ಯಾಮೆರಾ: ಬ್ಯಾಟರಿ ಲೆಕ್ಕ ಹೀಗೆ ಹಾಕಿ

ದಾರಿ ಶುರುವಾಗುವ ಕೊನೆಯ ಊರು ಬಿಟ್ಟರೆ, ಬೆಟ್ಟಗಳ ನಡುವಿನ ಎತ್ತರದ ದಾರಿ (ಪಾಸ್) ದಾಟಿ ಆಚೆ ಬದಿಗೆ ಇಳಿಯುವವರೆಗೂ ಕರೆಂಟ್ ಇರುವುದಿಲ್ಲ. ನಡುವೆ ಐದು ರಾತ್ರಿ ಟೆಂಟಿನಲ್ಲಿ, ಬೆಳಗಿನ ಜಾವ ಮೈನಸ್ 10 ಡಿಗ್ರಿ. ಎತ್ತರದ ಹಿಮದ ಚಾರಣಗಳು ಹೆಚ್ಚುಕಡಿಮೆ ಇದೇ ಅಚ್ಚಿನವು. ಇಂಥ ಹಾದಿಗೆ ಮಿರರ್‌ಲೆಸ್ ಕ್ಯಾಮೆರಾ ಹೊತ್ತು ಹೊರಡುವವರು ಸಾಮಾನ್ಯವಾಗಿ ಎಷ್ಟು ಫೋಟೊ ತೆಗೆಯುತ್ತೇವೆ ಎಂದು ಎಣಿಸಿ ಬ್ಯಾಟರಿ ಕೊಳ್ಳುತ್ತಾರೆ. ಹೋಗಿಬಂದ ನಾವು ಹೇಳುವುದು ಬೇರೆ: ಕ್ಯಾಮೆರಾ ಎಷ್ಟು ಗಂಟೆ ಆನ್ ಆಗಿರುತ್ತದೆ ಎಂಬುದನ್ನು ಎಣಿಸಿ.

ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ ವ್ಯೂಫೈಂಡರ್ ಎಂದರೆ ಕನ್ನಡಿ ಮತ್ತು ಗಾಜು. ಅದರಲ್ಲಿ ಎಷ್ಟು ಹೊತ್ತು ಕಣ್ಣಿಟ್ಟು ಕಾದರೂ ಬ್ಯಾಟರಿಗೆ ಹೆಚ್ಚಿನ ಖರ್ಚಿಲ್ಲ. ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ನಲ್ಲಿ ಹಾಗಲ್ಲ. ನೀವು ನೋಡುತ್ತಿರುವಷ್ಟು ಹೊತ್ತೂ ಸೆನ್ಸರ್ ಓದುತ್ತಿರುತ್ತದೆ, ಪ್ರೊಸೆಸರ್ ದುಡಿಯುತ್ತಿರುತ್ತದೆ, ಒಂದು ಪರದೆ ಉರಿಯುತ್ತಿರುತ್ತದೆ. 2017ರ ನಿಕಾನ್ ಡಿ850 ಮತ್ತು 2018ರ ನಿಕಾನ್ ಝಡ್7 ಎರಡಕ್ಕೂ ಹಾಕುವುದು ಒಂದೇ ಬಗೆಯ, ಸುಮಾರು 14 ವ್ಯಾಟ್ ಅವರ್‌ನ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ಬ್ಯಾಟರಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸೀಪಾದ ಪರೀಕ್ಷೆಯ ಪ್ರಕಾರ ಒಂದು ಬ್ಯಾಟರಿಯಲ್ಲಿ ಮೊದಲನೆಯದಕ್ಕೆ 1840 ಫೋಟೊ, ಎರಡನೆಯದಕ್ಕೆ 330.

ಈ 330 ಕಂಡು ಗಾಬರಿಯಾಗಬೇಕಿಲ್ಲ. ಸೀಪಾ ಪರೀಕ್ಷೆ ನಡೆಯುವುದು 23 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, 30 ಸೆಕೆಂಡಿಗೆ ಒಂದು ಫೋಟೊದಂತೆ, ಹತ್ತು ಫೋಟೊಗೊಮ್ಮೆ ಆಫ್ ಮಾಡಿ ಆನ್ ಮಾಡುತ್ತಾ. ಅಂದರೆ ಅದು ಅಳೆಯುವುದು ಹೆಚ್ಚಾಗಿ ಕಾಯುವ ಹೊತ್ತನ್ನು. ಹಾರುವ ಹಕ್ಕಿಯ ಹಿಂದೆ ಬಿದ್ದು ಒಂದೇ ಸಮನೆ ಕ್ಲಿಕ್ಕಿಸಿದರೆ ಅದೇ ಬ್ಯಾಟರಿಯಲ್ಲಿ ಇದರ ಎಷ್ಟೋ ಪಟ್ಟು ಫೋಟೊ ಬರುತ್ತವೆ. ಮೋಡ ಸರಿಯಲೆಂದು ಶಿಖರದತ್ತ ಕ್ಯಾಮೆರಾ ಹಿಡಿದು ಕೂತರೆ ನೂರು ಫೋಟೊಗೇ ಖಾಲಿ. 30 ಸೆಕೆಂಡಿಗೊಂದರಂತೆ ಗಂಟೆಗೆ 120 ಫೋಟೊ, ಆದ್ದರಿಂದ ನಿಮ್ಮ ಕ್ಯಾಮೆರಾದ ಸೀಪಾ ಸಂಖ್ಯೆಯನ್ನು 120ರಿಂದ ಭಾಗಿಸಿ. ಬರುವ ಉತ್ತರ, ಒಂದು ಬ್ಯಾಟರಿಯಲ್ಲಿ ಕ್ಯಾಮೆರಾ ಎಷ್ಟು ಗಂಟೆ ಎಚ್ಚರವಿರಬಲ್ಲದು ಎಂಬ ಅಂದಾಜು. ಝಡ್7ಗೆ ಎರಡೂಮುಕ್ಕಾಲು ಗಂಟೆ. ವ್ಯೂಫೈಂಡರ್ ಬಳಸಿ 610 ಫೋಟೊ ಎನ್ನುವ ಸೋನಿ ಎ7 III ಆದರೆ ಸುಮಾರು ಐದು ಗಂಟೆ.

ಈಗ ದಾರಿಯ ಲೆಕ್ಕ. ಅಚ್ಚುಕಟ್ಟಾಗಿ ಆಫ್ ಮಾಡುವ ಅಭ್ಯಾಸವಿದ್ದರೆ ನಡೆಯುವ ದಿನದಲ್ಲಿ ಕ್ಯಾಮೆರಾ ಎರಡು ಗಂಟೆ ಆನ್ ಇರುತ್ತದೆ. ಐದು ದಿನಕ್ಕೆ ಹತ್ತು ಗಂಟೆ. ಚಳಿಯ ಬಾಬ್ತು ಎಂದು ಬ್ಯಾಟರಿಯ ಗಂಟೆಗಳನ್ನು ನೂರಕ್ಕೆ ಅರುವತ್ತಕ್ಕೆ ಇಳಿಸಿ. ಎರಡೂಮುಕ್ಕಾಲು ಗಂಟೆ ಒಂದೂಮುಕ್ಕಾಲಿಗಿಂತ ತುಸು ಕಡಿಮೆಯಾಯಿತು. ಹತ್ತು ಗಂಟೆಗೆ ಆರು ಬ್ಯಾಟರಿ ಬೇಕು. ಎ7 III ತರಗತಿಯ ಕ್ಯಾಮೆರಾಗೆ ನಾಲ್ಕು ಸಾಕು. ವಿಡಿಯೊ ಹೆಚ್ಚು ತೆಗೆಯುವವರಿಗೆ ಈ ಲೆಕ್ಕ ಸಾಲದು. ಅವರು ಮನೆಯಲ್ಲೇ ತುಂಬಿದ ಬ್ಯಾಟರಿ ಹಾಕಿ, ತಾವು ಬಳಸುವ ರೆಸಲ್ಯೂಶನ್‌ನಲ್ಲಿ ರೆಕಾರ್ಡ್‌ಗೆ ಬಿಟ್ಟು ಎಷ್ಟು ನಿಮಿಷ ಬರುತ್ತದೆಂದು ನೋಡಿಕೊಳ್ಳಬೇಕು.

ಅಷ್ಟು ಬ್ಯಾಟರಿ ಏಕೆ, ಪವರ್ ಬ್ಯಾಂಕ್ ಒಯ್ದರಾಯಿತಲ್ಲ ಎಂಬ ಮಾತು ಬರುತ್ತದೆ. 20,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಲೆಕ್ಕದಲ್ಲಿ, ಅಂದರೆ 74 ವ್ಯಾಟ್ ಅವರ್. ವೋಲ್ಟೇಜ್ ಏರಿಸುವಾಗ, ಕೇಬಲ್ಲಿನಲ್ಲಿ, ಚಾರ್ಜಿಂಗಿನಲ್ಲಿ ಸೋರಿಹೋಗಿ ಕ್ಯಾಮೆರಾ ಬ್ಯಾಟರಿಗೆ ಸೇರುವುದು 45ರಿಂದ 50. ಅದರ ತೂಕ ಸುಮಾರು 350 ಗ್ರಾಂ ಅಥವಾ ಹೆಚ್ಚು. ಅಷ್ಟೇ ತೂಕಕ್ಕೆ ತಲಾ 80 ಗ್ರಾಂನ ನಾಲ್ಕು ಬ್ಯಾಟರಿ ಬರುತ್ತವೆ. 14 ವ್ಯಾಟ್ ಅವರ್‌ನವಾದರೂ ಒಟ್ಟು 56. ಹಾಗಾಗಿ ಐದು ರಾತ್ರಿಯವರೆಗಿನ ಹಾದಿಗೆ ಹೆಚ್ಚುವರಿ ಬ್ಯಾಟರಿಯೇ ಮೇಲು ಎಂಬುದು ನಮ್ಮ ಅಭಿಪ್ರಾಯ. ಪವರ್ ಬ್ಯಾಂಕ್ ಹೇಗೂ ಫೋನಿಗೆ, ಹೆಡ್‌ಲ್ಯಾಂಪಿಗೆ ಬೇಕು. ಕ್ಯಾಮೆರಾಗೆ ಅದು ಆಪತ್ಕಾಲಕ್ಕಿರಲಿ.

ಹೊರಡುವ ಎರಡು ವಾರ ಮೊದಲೇ ಬ್ಯಾಟರಿಗಳನ್ನು ಪರೀಕ್ಷಿಸಿ. ಅನೇಕ ಕ್ಯಾಮೆರಾಗಳ ಮೆನುವಿನಲ್ಲಿ ಬ್ಯಾಟರಿಯ ಆರೋಗ್ಯ ಕಾಣುತ್ತದೆ. ನಿಕಾನ್‌ನಲ್ಲಿ 0ಯಿಂದ 4ರವರೆಗೆ ವಯಸ್ಸು ತೋರಿಸುತ್ತದೆ, 4 ಎಂದರೆ ಬದಲಿಸುವ ಕಾಲ. ಕ್ಯಾನನ್‌ನಲ್ಲಿ ಮೂರು ಹಸಿರು ಗೆರೆ ಇದ್ದರೆ ಚೆನ್ನಾಗಿದೆ ಎಂದರ್ಥ. ಮುದಿ ಬ್ಯಾಟರಿ ಬೆಚ್ಚಗಿನ ಮನೆಯಲ್ಲಿ ಸರಿಯಾಗಿಯೇ ಕಂಡು, ಚಳಿಯಲ್ಲಿ ಮೊದಲು ಕೈಕೊಡುತ್ತದೆ. ಬೇರೆ ಕಂಪನಿಯ ಅಗ್ಗದ ಬ್ಯಾಟರಿಗಳಲ್ಲಿ ಕೆಲವು ಮೇಲೆ ಬರೆದಷ್ಟು ಸಾಮರ್ಥ್ಯ ಕೊಡುವುದಿಲ್ಲ, ಕೆಲವು ಉಳಿದ ಚಾರ್ಜನ್ನು ತಪ್ಪಾಗಿ ತೋರಿಸಿ ಇದ್ದಕ್ಕಿದ್ದಂತೆ ಆರಿಹೋಗುತ್ತವೆ. ಉಬ್ಬಿದ್ದಂತೂ ಕ್ಯಾಮೆರಾದೊಳಗೆ ಸಿಕ್ಕಿಕೊಂಡರೆ ಹೊರಗೆ ಬರುವುದೇ ಕಷ್ಟ. ಎಲ್ಲಕ್ಕೂ ಮಾರ್ಕರಿನಿಂದ ನಂಬರ್ ಬರೆಯಿರಿ. ತುಂಬಿದವು ಬಲ ಜೇಬಿಗೆ, ಮುಗಿದವು ಎಡ ಜೇಬಿಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಕತ್ತಲಲ್ಲಿ ಗ್ಲೌಸ್ ಹಾಕಿದ ಕೈಗೆ ಇದೊಂದೇ ಗುರುತು.

ಯುಎಸ್‌ಬಿ ಚಾರ್ಜಿಂಗ್ ಅನ್ನು ಮನೆಯಲ್ಲೇ, ಒಯ್ಯಲಿರುವ ಅದೇ ಪವರ್ ಬ್ಯಾಂಕ್ ಮತ್ತು ಕೇಬಲ್ಲಿನಿಂದ ಮಾಡಿ ನೋಡಿ. ನಿಕಾನ್ ಝಡ್7ರಲ್ಲಿ ಇಎನ್-ಇಎಲ್15ಬಿ ಎಂಬ ಬ್ಯಾಟರಿ ಕ್ಯಾಮೆರಾದೊಳಗೇ ಚಾರ್ಜ್ ಆಗುತ್ತದೆ. ನೋಡಲು ಹಾಗೇ ಇರುವ ಹಳೆಯ 15ಎ ಆಗುವುದಿಲ್ಲ. ಕ್ಯಾನನ್ ಆರ್5ಗೆ ಪವರ್ ಡೆಲಿವರಿ (ಪಿಡಿ) ಎಂಬ ಯುಎಸ್‌ಬಿ ವೇಗದ ಚಾರ್ಜಿಂಗ್ ವ್ಯವಸ್ಥೆ ಇರುವ ಪವರ್ ಬ್ಯಾಂಕೇ ಬೇಕು. ಬಹಳಷ್ಟು ಕ್ಯಾಮೆರಾಗಳು ಆಫ್ ಇದ್ದಾಗ ಮಾತ್ರ ಚಾರ್ಜ್ ತೆಗೆದುಕೊಳ್ಳುತ್ತವೆ.

ಇನ್ನು ಸೆಟ್ಟಿಂಗ್. ಮೊದಲು ಏರ್‌ಪ್ಲೇನ್ ಮೋಡ್ ಹಾಕಿ. ಕ್ಯಾಮೆರಾ ಆಫ್ ಇದ್ದರೂ ಬ್ಲೂಟೂತ್ ಮೂಲಕ ಫೋನಿನೊಂದಿಗೆ ಸಂಪರ್ಕ ಉಳಿಸುವ ಒಂದು ಆಯ್ಕೆ ಇರುತ್ತದೆ. ರಾತ್ರಿ ತುಂಬಿಟ್ಟ ಬ್ಯಾಟರಿ ಬೆಳಗ್ಗೆ ಕಡಿಮೆ ತೋರಿಸಿದರೆ ಮೊದಲ ಅನುಮಾನ ಅದರ ಮೇಲಿರಲಿ. ತಾನಾಗಿ ನಿದ್ದೆಗೆ ಹೋಗುವ ಸಮಯವನ್ನು 10 ಸೆಕೆಂಡಿಗೋ, ನಿಮ್ಮ ಕ್ಯಾಮೆರಾ ಒಪ್ಪುವ ಕನಿಷ್ಠಕ್ಕೋ ಇಳಿಸಿ. ತೆಗೆದ ಫೋಟೊ ತಾನಾಗಿ ತೋರಿಸುವುದನ್ನು ನಿಲ್ಲಿಸಿ. ಶಟರ್ ಒತ್ತದೆಯೂ ಫೋಕಸ್ ಹುಡುಕುತ್ತಿರುವ ಪ್ರೀ-ಎಎಫ್ ಬೇಡ. ವ್ಯೂಫೈಂಡರಿನ ವೇಗ 120 ಫ್ರೇಮ್ ಇದ್ದರೆ 60ಕ್ಕೆ ತನ್ನಿ. ಬೆಟ್ಟ ಎಲ್ಲೂ ಓಡಿಹೋಗುವುದಿಲ್ಲ. ಹಿಮದ ಬಿಸಿಲಿಗೆ ಸ್ಕ್ರೀನ್ ಬೆಳಕನ್ನು ಪೂರ್ತಿ ಏರಿಸುವ ಬದಲು ವ್ಯೂಫೈಂಡರಿನಲ್ಲಿ ನೋಡಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಕಣ್ಣಿನ ಸೆನ್ಸರ್‌ಗೆ. ವ್ಯೂಫೈಂಡರಿನ ಪಕ್ಕದ ಈ ಪುಟ್ಟ ಸೆನ್ಸರ್ ಕಣ್ಣನ್ನೂ ಜಾಕೆಟ್ಟನ್ನೂ ಬೇರೆ ಬೇರೆ ಎಂದು ಗುರುತಿಸಲಾರದು. ಕ್ಯಾಮೆರಾ ಎದೆಗೆ ತೂಗಿಕೊಂಡು ನಡೆದರೆ ಪ್ರತಿ ಹೆಜ್ಜೆಗೂ ಬಟ್ಟೆ ಹತ್ತಿರ ಬಂದು ವ್ಯೂಫೈಂಡರ್ ಹೊತ್ತಿಕೊಳ್ಳುತ್ತದೆ, ದೂರ ಹೋದಾಗ ಸ್ಕ್ರೀನ್ ಹೊತ್ತಿಕೊಳ್ಳುತ್ತದೆ. ಕೆಲವು ಕ್ಯಾಮೆರಾ ಈ ಗಡಿಬಿಡಿಯಲ್ಲಿ ನಿದ್ದೆಗೇ ಹೋಗುವುದಿಲ್ಲ. ನಡೆಯುವಾಗ ಸ್ವಿಚ್ಚನ್ನೇ ಆಫ್ ಮಾಡಿ. ಮತ್ತೆ ಆನ್ ಆಗಲು ಹಿಡಿಯುವ ಒಂದೆರಡು ಸೆಕೆಂಡಿಗೆ ಹಾದಿಯಲ್ಲಿ ಏನೂ ತಪ್ಪಿಹೋಗದು.

ಚಳಿಯ ವಿಚಾರ. ಲಿಥಿಯಂ-ಅಯಾನ್ ಬ್ಯಾಟರಿ ತಣ್ಣಗಾದರೆ ಒಳಗಿನ ದ್ರವ ಮಂದವಾಗುತ್ತದೆ, ಅಯಾನುಗಳ ಓಡಾಟ ನಿಧಾನವಾಗುತ್ತದೆ, ಒಳಗಿನ ರೋಧ ಏರುತ್ತದೆ. ಕ್ಯಾಮೆರಾ ಹೆಚ್ಚು ಕರೆಂಟ್ ಎಳೆದ ಕ್ಷಣ ವೋಲ್ಟೇಜ್ ಕುಸಿಯುತ್ತದೆ. ಖಾಲಿಯಾಯಿತೆಂದು ತಿಳಿದು ಕ್ಯಾಮೆರಾ ಆಫ್ ಆಗುತ್ತದೆ. ಅರ್ಧ ತುಂಬಿದ್ದ ಬ್ಯಾಟರಿಯ ಗುರುತು ಪಾಸ್‌ನ ನೆತ್ತಿಯಲ್ಲಿ ಏಕಾಏಕಿ ಕೆಂಪಾಗುವುದು ಹೀಗೆ. ಬ್ಯಾಟರಿ ಮುಗಿದಿಲ್ಲ. ಒಳಂಗಿಯ ಜೇಬಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಉಳಿದ ಚಾರ್ಜ್ ಮರಳುತ್ತದೆ. ಬೆಳಗಿನ ಜಾವಕ್ಕೆ ಎರಡು ಬ್ಯಾಟರಿ ಸಿದ್ಧವಿರಲಿ: ಒಂದು ಕ್ಯಾಮೆರಾದಲ್ಲಿ, ಇನ್ನೊಂದು ಮೈಗೆ ತಾಗಿ, ಸರದಿಯ ಮೇಲೆ. ಬೆವರು ತಾಗದಂತೆ ಜಿಪ್ ಚೀಲದಲ್ಲಿಡಿ. ಅದೇ ಜೇಬಿನಲ್ಲಿ ನಾಣ್ಯ, ಕೀಲಿ ಬೇಡ. ಕೈ ಬೆಚ್ಚಗಿಡುವ ಪೊಟ್ಟಣ ಬಳಸುವುದಾದರೆ ನಡುವೆ ಕಾಲುಚೀಲದಷ್ಟು ದಪ್ಪದ ಬಟ್ಟೆ ಇರಲಿ, ನೇರ ತಾಗಿದರೆ ಬಿಸಿ ಹೆಚ್ಚು.

ಕ್ಯಾಮೆರಾವನ್ನೇ ಜಾಕೆಟ್ಟಿನೊಳಗೆ ಬೆಚ್ಚಗಿಡುವವರಿದ್ದಾರೆ, ಅದು ಬೇಡ. ಮೈಯ ತೇವ ಲೆನ್ಸಿನ ಮೇಲೆ ಕೂರುತ್ತದೆ, ಹೊರಗೆ ತೆಗೆದಾಗ ಹೆಪ್ಪುಗಟ್ಟುತ್ತದೆ. ಕ್ಯಾಮೆರಾ ತನ್ನ ಚೀಲದಲ್ಲಿ ತಣ್ಣಗೇ ಇರಲಿ. ರಾತ್ರಿ ಬ್ಯಾಟರಿಗಳು ಮಾತ್ರ ನಿಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ಬರಲಿ.

ಸೊನ್ನೆ ಡಿಗ್ರಿಗಿಂತ ಕೆಳಗೆ ಯಾವ ಕಾರಣಕ್ಕೂ ಚಾರ್ಜ್ ಮಾಡಬೇಡಿ. ಬಳಸುವಾಗಿನ ಚಳಿ ತಾತ್ಕಾಲಿಕ ತೊಂದರೆ, ಚಾರ್ಜ್ ಮಾಡುವಾಗಿನ ಚಳಿ ಕಾಯಂ ಹಾನಿ: ಲಿಥಿಯಂ ಗ್ರಾಫೈಟಿನೊಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ, ಸಾಮರ್ಥ್ಯ ಹೋಗುತ್ತದೆ, ಅಪಾಯವೂ ಹೆಚ್ಚುತ್ತದೆ. ಮಧ್ಯಾಹ್ನ ಟೆಂಟ್ ತಲುಪಿದ ಕೂಡಲೇ, ಬಿಸಿಲಿನ ಬಿಸಿ ಉಳಿದಿರುವಾಗ ಶುರು ಮಾಡಿದರೆ ಮಲಗುವ ಹೊತ್ತಿಗೆ ಒಂದು ಬ್ಯಾಟರಿ ತುಂಬುತ್ತದೆ. ಸಾಮಾನ್ಯ 5 ವೋಲ್ಟ್ ಯುಎಸ್‌ಬಿಯಲ್ಲಿ ದೊಡ್ಡ ಬ್ಯಾಟರಿಗೆ ನಾಲ್ಕು ಗಂಟೆಗೂ ಮಿಗಿಲು ಹಿಡಿಯಬಹುದು. ನಿದ್ದೆಯಲ್ಲಿರುವಾಗ ಹಾಸಿಗೆಯೊಳಗೆ ಚಾರ್ಜ್‌ಗೆ ಹಾಕಿಕೊಳ್ಳಬೇಡಿ.

ನಕ್ಷತ್ರಗಳ ಫೋಟೊಗೆ ಬೇರೆಯೇ ಒಂದು ಬ್ಯಾಟರಿ ಮೀಸಲಿಡಿ. ದೀರ್ಘ ಹೊತ್ತಿನ ಫೋಟೊದಲ್ಲಿ ಮೂಡುವ ಚುಕ್ಕಿಗಳನ್ನು ಅಳಿಸುವ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆನ್ ಇದ್ದರೆ 30 ಸೆಕೆಂಡಿನ ಫೋಟೊಗೆ ಇನ್ನೂ 30 ಸೆಕೆಂಡ್ ಸೆನ್ಸರ್ ದುಡಿಯುತ್ತದೆ. ಆಫ್ ಮಾಡಿದರೆ ಆ ಖರ್ಚು ಉಳಿಯಿತು.

ಬೆನ್ನಿಗೆ ಕಟ್ಟುವ ಸೋಲಾರ್ ಪ್ಯಾನೆಲ್ ನಂಬಿ ಹೊರಡುವುದು ಬೇಡ. ನಡೆಯುವಾಗ ಅದು ಸೂರ್ಯನಿಗೆ ಎದುರಾಗಿ ನಿಲ್ಲುವುದೇ ಅಪರೂಪ. ವಿಶ್ರಾಂತಿಯ ದಿನ ಇದ್ದರೆ ಮಾತ್ರ ಉಪಯೋಗ, ಅದೂ ಪವರ್ ಬ್ಯಾಂಕ್ ತುಂಬಿಸಲು.

ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎಲ್ಲವೂ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಪ್ರತಿಯೊಂದೂ 100 ವ್ಯಾಟ್ ಅವರ್ ಒಳಗಿದ್ದರೆ ವಿಮಾನ ಸಂಸ್ಥೆಯ ವಿಶೇಷ ಒಪ್ಪಿಗೆ ಬೇಡ; 27,000 ಎಂಎಎಚ್‌ನ ಪವರ್ ಬ್ಯಾಂಕ್ 99.9ಕ್ಕೆ ಬಂದು ಮಿತಿ ಮುಟ್ಟುತ್ತದೆ. ಎಷ್ಟು ಒಯ್ಯಬಹುದು, ವಿಮಾನದೊಳಗೆ ಬಳಸಬಹುದೇ ಎಂಬುದನ್ನು ಟಿಕೆಟ್ ಮಾಡುವಾಗಲೇ ಕೇಳಿ. ಪ್ಲಾಸ್ಟಿಕ್ ಮುಚ್ಚಳ ಕಳೆದುಹೋದ ಬ್ಯಾಟರಿಯ ಲೋಹದ ಪಟ್ಟಿಗಳ ಮೇಲೆ ಟೇಪ್ ಅಂಟಿಸಿ.

ಮನೆಗೆ ಬಂದ ಮೇಲೆ ಬ್ಯಾಟರಿಗಳನ್ನು ಪೂರ್ತಿ ತುಂಬಿಯಾಗಲಿ, ಪೂರ್ತಿ ಖಾಲಿಯಾಗಿಯಾಗಲಿ ತಿಂಗಳುಗಟ್ಟಲೆ ಇಡಬೇಡಿ. ಅರ್ಧದಷ್ಟು ಚಾರ್ಜ್ ಮಾಡಿ ತಂಪಾದ ಒಣ ಜಾಗದಲ್ಲಿಡಿ. ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ ಅಲುಗಾಡುವುದು ಉಬ್ಬಿದೆ ಎಂದೇ ಲೆಕ್ಕ. ಅದನ್ನು ಮತ್ತೆ ಕ್ಯಾಮೆರಾಗೆ ಹಾಕದೆ ಇ-ತ್ಯಾಜ್ಯಕ್ಕೆ ಕೊಡಿ.