ಡಿಸ್ಕ್ ಚೆನ್ನಾಗಿರುವಾಗಲೇ ಸೀರಿಯಲ್ ನಂಬರ್ ಬರೆದಿಡಿ

ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದು ಡಿಸ್ಕ್‌ಗಳ ಪಟ್ಟಿ ತೆಗೆಯುವುದನ್ನು. ಲಿನಕ್ಸ್ ಬಲ್ಲವರಿಗೆ ಇದು ತೀರ ಸಣ್ಣ ವಿಷಯ ಅನ್ನಿಸುತ್ತದೆ. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಆಯಿತಲ್ಲ, ಇದರಲ್ಲಿ ಕಲಿಯುವುದೇನಿದೆ ಎಂದು ಕೇಳುತ್ತಾರೆ. ಆದರೆ ಪರದೆಯ ಮೇಲೆ ಕಾಣುವ ‘ಎಸ್‌ಡಿಸಿ’ ಎಂಬ ಹೆಸರು ಪೆಟ್ಟಿಗೆಯೊಳಗೆ ತಿರುಗುತ್ತಿರುವ ಯಾವ ಡಿಸ್ಕಿನದು ಎಂದು ಖಚಿತವಾಗಿ ಹೇಳುವುದು ಬೇರೆಯೇ ಕೆಲಸ. ಅಲ್ಲಿ ಅಂದಾಜಿನ ಮೇಲೆ ನಡೆದರೆ ಜನರ ವರ್ಷಗಟ್ಟಲೆಯ ದುಡಿಮೆ ಒಂದು ಕ್ಷಣದಲ್ಲಿ ಹೋಗುತ್ತದೆ.

ಹೊಸಬರು ಸಾಮಾನ್ಯವಾಗಿ ಡಿಎಫ್ ಆಜ್ಞೆಯಿಂದ ಶುರು ಮಾಡುತ್ತಾರೆ. ಡಿಎಫ್ ತೋರಿಸುವುದು ಮೌಂಟ್ ಆಗಿರುವ, ಅಂದರೆ ಬಳಕೆಗೆ ತೆರೆದಿಟ್ಟ, ಫೈಲ್ ಸಿಸ್ಟಂಗಳನ್ನು ಮಾತ್ರ. ಈಗಷ್ಟೇ ಜೋಡಿಸಿದ, ಇನ್ನೂ ಫಾರ್ಮ್ಯಾಟ್ ಆಗದ ಡಿಸ್ಕ್ ಅಲ್ಲಿ ಬರುವುದೇ ಇಲ್ಲ. ‘ಸರ್, ಹೊಸ ಡಿಸ್ಕ್ ಕಾಣಿಸುತ್ತಿಲ್ಲ, ಕೇಬಲ್ ಹೋಗಿರಬೇಕು’ ಎಂದು ಬರುವ ಕರೆಗಳಲ್ಲಿ ಎಷ್ಟೋ ಸಲ ಕೇಬಲ್ ಸರಿಯಾಗಿಯೇ ಇರುತ್ತದೆ. ಎಲ್‌ಎಸ್‌ಬಿಎಲ್‌ಕೆ ಹಾಗಲ್ಲ. ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಗುರುತಿಸಿದ ಬ್ಲಾಕ್ ಸಾಧನಗಳನ್ನೆಲ್ಲ (ಡಿಸ್ಕ್ ಮತ್ತು ಅದರ ಪಾರ್ಟಿಷನ್‌ಗಳಂಥವು) ಅದು ಮರದ ಕೊಂಬೆಗಳ ರೂಪದಲ್ಲಿ ತೋರಿಸುತ್ತದೆ. ಮಾಹಿತಿಯನ್ನು ಸಿಸ್ಟಂ ಸಾಧನಗಳ ಬಗ್ಗೆ ಆಗಲೇ ಇಟ್ಟಿರುವ ದಾಖಲೆಗಳಾದ ಸಿಸ್ಎಫ್‌ಎಸ್ ಮತ್ತು ಯುಡೆವ್‌ನಿಂದ ಓದಿಕೊಳ್ಳುವುದರಿಂದ ಅದಕ್ಕೆ ರೂಟ್ ಅನುಮತಿ, ಅಂದರೆ ಯಂತ್ರದ ಪೂರ್ಣ ಅಧಿಕಾರ, ಕೂಡ ಬೇಡ. ಎಫ್‌ಡಿಸ್ಕ್ ಮೈನಸ್ ಎಲ್ ಡಿಸ್ಕನ್ನೇ ತೆರೆದು ಪಾರ್ಟಿಷನ್ ಟೇಬಲ್ ಓದುತ್ತದೆ, ಹಾಗಾಗಿ ಅದಕ್ಕೆ ರೂಟ್ ಅಧಿಕಾರ ಕೊಡುವ ಸುಡೊ ಬೇಕು. ಬರೀ ನೋಡುವ ಕೆಲಸಕ್ಕೆ ರೂಟ್ ಆಗಿ ಕೂರುವುದು ನನಗೆ ಇಷ್ಟವಿಲ್ಲ. ಆದ್ದರಿಂದ ಮೊದಲ ನೋಟಕ್ಕೆ ನನ್ನ ಕೈ ಹೋಗುವುದು ಎಲ್‌ಎಸ್‌ಬಿಎಲ್‌ಕೆ ಕಡೆಗೇ.

ಗಾತ್ರದ ಬಗ್ಗೆ ಒಂದು ಮಾತು. 4 ಟಿಬಿ ಎಂದು ಕೊಂಡ ಡಿಸ್ಕ್ ಪಟ್ಟಿಯಲ್ಲಿ 3.6ಟಿ ಎಂದು ಬಂದರೆ ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ಎಲ್‌ಎಸ್‌ಬಿಎಲ್‌ಕೆ 1024ರ ಲೆಕ್ಕದಲ್ಲಿ. ಮೈನಸ್ ಬಿ ಕೊಟ್ಟರೆ ಬೈಟ್‌ಗಳ ಪೂರ್ತಿ ಸಂಖ್ಯೆಯೇ ಸಿಗುತ್ತದೆ.

ಈಗ ಹೆಸರುಗಳ ವಿಷಯ. ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂಬ ಅಕ್ಷರಗಳನ್ನು ಕರ್ನಲ್ ತಾನು ಡಿಸ್ಕ್‌ಗಳನ್ನು ಕಂಡುಕೊಂಡ ಸರದಿಯಲ್ಲಿ ಕೊಡುತ್ತಾ ಹೋಗುತ್ತದೆ. ಬ್ಯಾಂಕಿನಲ್ಲಿ ಬಂದವರಿಗೆ ಬಂದ ಹಾಗೆ ಟೋಕನ್ ಕೊಡುವಂತೆ ಇದು: ನಾಳೆ ಅದೇ ಮನುಷ್ಯನಿಗೆ ಅದೇ ಟೋಕನ್ ಸಿಗಬೇಕೆಂದಿಲ್ಲ. ಒಂದು ಯುಎಸ್‌ಬಿ ಡಿಸ್ಕ್ ಚುಚ್ಚಿಟ್ಟು ರೀಬೂಟ್ ಮಾಡಿದರೆ, ಹೊಸ ಕಂಟ್ರೋಲರ್ ಕಾರ್ಡ್ ಹಾಕಿದರೆ, ಒಂದು ಡಿಸ್ಕ್ ಎಚ್ಚರಗೊಳ್ಳಲು ತುಸು ತಡ ಮಾಡಿದರೆ ಅಕ್ಷರಗಳು ಅದಲು ಬದಲಾಗಬಹುದು. ಬೂಟ್ ಆಗುವಾಗ ಏನನ್ನು ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಈ ಹೆಸರುಗಳ ಬದಲು ಯುಯುಐಡಿ ಎಂಬ ಬದಲಾಗದ ಗುರುತು ಬರೆಯುವ ರೂಢಿ ಬಂದದ್ದು ಇದಕ್ಕಾಗಿಯೇ. ಮೌಂಟ್ ಮಾಡುವಾಗ ಇಷ್ಟು ಎಚ್ಚರ ವಹಿಸುವ ನಾವು ಸ್ಕ್ರೂಡ್ರೈವರ್ ಹಿಡಿದು ನಿಂತಾಗ ಮಾತ್ರ ಮತ್ತೆ ಎ, ಬಿ, ಸಿ ಎಣಿಸುತ್ತೇವೆ.

ನಮ್ಮ ಫೈಲ್ ಸರ್ವರ್ ಒಂದರಲ್ಲಿ 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನು ಸೇರಿಸಿ ಸಾಫ್ಟ್‌ವೇರ್ ರೇಡ್ 5, ಅಂದರೆ ಎಲ್ಲವೂ ಒಂದೇ ಡಿಸ್ಕಿನಂತೆ ಕೆಲಸ ಮಾಡುವ ಅರೇ, ಮಾಡಿದ್ದೆವು. ಆಪರೇಟಿಂಗ್ ಸಿಸ್ಟಂ ಪ್ರತ್ಯೇಕ ಎನ್‌ವಿಎಂಇ ಡಿಸ್ಕಿನಲ್ಲಿತ್ತು. ಒಂದು ಬೆಳಿಗ್ಗೆ ರೇಡ್‌ನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ತೆರೆದು ನೋಡಿದರೆ ಎಸ್‌ಡಿಸಿಯ ಮೊದಲ ಪಾರ್ಟಿಷನ್ ಆದ ಎಸ್‌ಡಿಸಿ1ರ ಮುಂದೆ ಕಂಸದಲ್ಲಿ ಎಫ್ ಅಕ್ಷರ, ಅಂದರೆ ಕೆಟ್ಟಿದೆ ಎಂಬ ಗುರುತು. ಸರಿಯಿರುವ ಡಿಸ್ಕಿಗೆ ಒಂದರಂತೆ ನಾಲ್ಕು ಯು ಇರಬೇಕಾದ ಜಾಗದಲ್ಲಿ ಮೂರು ಯು, ನಡುವೆ ಒಂದು ಅಡಿಗೆರೆ. ರೇಡ್ 5 ಒಂದು ಡಿಸ್ಕ್ ಹೋದರೆ ತಡೆದುಕೊಳ್ಳುತ್ತದೆ. ಆ ಒಂದು ಆಗಲೇ ಹೋಗಿತ್ತು. ಇನ್ನು ಆರೋಗ್ಯವಾಗಿರುವ ಒಂದನ್ನು ಕೈತಪ್ಪಿ ಎಳೆದರೂ ಇಡೀ ಅರೇ ಅಲ್ಲಿಗೇ ನಿಲ್ಲುತ್ತದೆ.

ಹೊಸ ಡಿಸ್ಕ್ ತಂದ ಸರ್ವಿಸ್ ಎಂಜಿನಿಯರ್ ಕೆಲಸ ಗೊತ್ತಿದ್ದ ಹುಡುಗ, ಚುರುಕಿನವನು. ಸರ್ವರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಡದಿಂದ ಮೂರನೆಯ ಟ್ರೇಯ ಚಿಲಕಕ್ಕೆ ಬೆರಳಿಟ್ಟ. ‘ಎ, ಬಿ, ಸಿ. ಮೂರನೆಯದು ತಾನೆ ಸರ್?’ ಎಂದ. ‘ಸ್ವಲ್ಪ ತಡೆಯಪ್ಪಾ, ಸೀರಿಯಲ್ ನೋಡಿಬಿಡೋಣ’ ಎಂದೆ.

ಎಲ್‌ಎಸ್‌ಬಿಎಲ್‌ಕೆಗೆ ಮೈನಸ್ ಡಿ ಸೇರಿಸಿದರೆ ಪಾರ್ಟಿಷನ್‌ಗಳು ಮರೆಯಾಗಿ ಇಡಿಯ ಡಿಸ್ಕ್‌ಗಳು ಮಾತ್ರ ಉಳಿಯುತ್ತವೆ. ಅದರ ಮುಂದೆ ಮೈನಸ್ ಓ ಬರೆದು ನೇಮ್, ಸೈಜ್, ಮಾಡೆಲ್, ಸೀರಿಯಲ್, ಟ್ರಾನ್ ಎಂದು ಅಲ್ಪವಿರಾಮ ಹಾಕಿ, ನಡುವೆ ಜಾಗ ಬಿಡದೆ ಕೊಟ್ಟರೆ ಬೇಕಾದ ಕಾಲಂಗಳಷ್ಟೇ ಬರುತ್ತವೆ. ಟ್ರಾನ್ ಕಾಲಂ ಡಿಸ್ಕ್ ಯಾವ ಬಗೆಯ ಸಂಪರ್ಕದಲ್ಲಿದೆ, ಸಾಟಾದಲ್ಲಿದೆಯೋ ಯುಎಸ್‌ಬಿಯಲ್ಲಿದೆಯೋ ಎನ್‌ವಿಎಂಇಯೋ ಹೇಳುತ್ತದೆ. ಉಬುಂಟುವಿನಲ್ಲಿ ಸ್ನ್ಯಾಪ್ ಎಂಬ ಆ್ಯಪ್ ಪ್ಯಾಕೇಜುಗಳಿಂದಾಗಿ ಲೂಪ್ ಸಾಧನಗಳು, ಅಂದರೆ ಡಿಸ್ಕಿನಂತೆ ಕಾಣುವ ಕಡತಗಳು, ಪರದೆ ತುಂಬುತ್ತವೆ. ಮೈನಸ್ ಇ 7 ಎಂದರೆ ಅವೆಲ್ಲ ಬದಿಗೆ ಸರಿಯುತ್ತವೆ, ಏಕೆಂದರೆ ಸಾಧನದ ಬಗೆ ಹೇಳುವ ಮೇಜರ್ ನಂಬರ್ ಲೂಪ್ ಸಾಧನಗಳಿಗೆ 7. ಆ ದಿನ ಪರದೆಯ ಮೇಲೆ ಬಂದ ಪಟ್ಟಿಯಲ್ಲಿ, ಎನ್‌ವಿಎಂಇ ಬಿಟ್ಟು ಉಳಿದ ನಾಲ್ಕು ಸಾಲುಗಳಲ್ಲಿ ಗಾತ್ರ ಒಂದೇ, ಮಾಡೆಲ್ ಒಂದೇ, ಸಾಟಾ ಎಂಬುದೂ ಒಂದೇ. ಬೇರೆಯಾಗಿದ್ದದ್ದು ಸೀರಿಯಲ್ ಮಾತ್ರ. ಎಸ್‌ಡಿಸಿಯ ಸೀರಿಯಲ್ಲನ್ನು ಸರ್ವರಿನ ಮುಚ್ಚಳದ ಮೇಲೆ ನಾವು ಅಂಟಿಸಿದ್ದ ಹಾಳೆಯೊಡನೆ ಹೋಲಿಸಿದರೆ ಅದು ಎಡದಿಂದ ಎರಡನೆಯ ಟ್ರೇ. ಆ ಬೋರ್ಡಿನ ಮೇಲೆ ಸಾಟಾ ಪೋರ್ಟ್‌ಗಳ ಸರದಿ ಬೇರೆ, ಟ್ರೇಗಳಿಗೆ ಕೇಬಲ್ ಎಳೆದ ಸರದಿ ಬೇರೆ.

ಹಾಳೆಯ ಮಾತನ್ನೂ ಒಮ್ಮೆ ಪರೀಕ್ಷಿಸಿಯೇ ಕೈ ಹಾಕಬೇಕು ಎಂಬುದು ನನ್ನ ಹಠ. ಟ್ರೇಯೊಳಗಿರುವ ಡಿಸ್ಕಿನ ಸ್ಟಿಕ್ಕರ್ ಎಳೆಯುವ ಮೊದಲು ಕಾಣುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಮಾಹಿತಿ ನಕಲು ಮಾಡುವ ಡಿಡಿ ಆಜ್ಞೆಯಿಂದ ಒಳ್ಳೆಯ ಡಿಸ್ಕ್ ಒಂದನ್ನು, ಬಂದದ್ದನ್ನೆಲ್ಲ ಎಸೆದುಬಿಡುವ ಡೆವ್‌ನಲ್ಲಿರುವ ನಲ್‌ಗೆ ಓದಿಸುತ್ತೇವೆ, ಅದರ ಟ್ರೇಯ ದೀಪ ಬಿಡದೆ ಮಿನುಗುತ್ತದೆ. ಎಸ್‌ಡಿಎ ಓದಿಸಿದಾಗ ಒಂದನೆಯ ದೀಪ, ಎಸ್‌ಡಿಬಿಗೆ ಮೂರನೆಯದು, ಎಸ್‌ಡಿಡಿಗೆ ನಾಲ್ಕನೆಯದು. ಸುಮ್ಮನಿದ್ದದ್ದು ಎರಡನೆಯದು. ಕೆಟ್ಟ ಡಿಸ್ಕನ್ನು ಮಿನುಗಿಸಲು ಹೋಗುವುದಕ್ಕಿಂತ ಒಳ್ಳೆಯವನ್ನು ಮಿನುಗಿಸಿ ಉಳಿದದ್ದನ್ನು ಹಿಡಿಯುವುದು ವಾಸಿ, ಏಕೆಂದರೆ ಕೆಟ್ಟದ್ದು ಉತ್ತರಿಸದೆಯೂ ಇರಬಹುದು. ಡಿಡಿಯಲ್ಲಿ ಐಎಫ್ ಎಂದರೆ ಓದುವ ಕಡೆ, ಓಎಫ್ ಎಂದರೆ ಬರೆಯುವ ಕಡೆ. ಇವೆರಡು ಅದಲು ಬದಲಾದರೆ ಕಾಪಾಡುವವರಿಲ್ಲ. ಎಂಟರ್ ಒತ್ತುವ ಮುಂಚೆ ಪಕ್ಕದಲ್ಲಿರುವವರಿಗೆ ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮಲ್ಲಿ ಕಡ್ಡಾಯ. ಕೆಲವು ಸರ್ವರ್‌ಗಳಲ್ಲಿ ಎಲ್‌ಇಡಿಸಿಟಿಎಲ್ ಎಂಬ ಆಜ್ಞೆ ಟ್ರೇಯ ಗುರುತಿನ ದೀಪವನ್ನೇ ಹೊತ್ತಿಸುತ್ತದೆ, ಅದಿದ್ದರೆ ಇನ್ನೂ ಸಲೀಸು.

ಎರಡನೆಯ ಟ್ರೇ ಹೊರಬಂತು. ಸ್ಟಿಕ್ಕರಿನ ಸೀರಿಯಲ್ಲೂ ಪರದೆಯ ಸೀರಿಯಲ್ಲೂ ಕೊನೆಯ ಅಂಕಿಯವರೆಗೆ ಒಂದೇ. ಆ ಹುಡುಗ ಮೂರನೆಯ ಟ್ರೇಯನ್ನೊಮ್ಮೆ ನೋಡಿದ, ತನ್ನ ಮೊಬೈಲಿನಲ್ಲಿ ಆಜ್ಞೆಯ ಫೋಟೊ ತೆಗೆದುಕೊಂಡ. ಹೊಸ ಡಿಸ್ಕ್ ಹಾಕಿದಾಗ ಅದು ಎಸ್‌ಡಿಸಿ ಎಂದು ಬರದೆ ಎಸ್‌ಡಿಇ ಎಂದು ಬಂತು. ಹಳೆಯ ಹೆಸರನ್ನು ಕರ್ನಲ್ ಇನ್ನೂ ಬಿಟ್ಟುಕೊಡದಿದ್ದಾಗ ಹೀಗಾಗುತ್ತದೆ, ಗಾಬರಿಪಡುವಂಥದ್ದೇನೂ ಅಲ್ಲ.

ಆ ದಿನ ನಮ್ಮನ್ನು ಕಾಯ್ದದ್ದು ಮುಚ್ಚಳದ ಮೇಲಿನ ಹಾಳೆ. ಎಸ್‌ಡಿಸಿ ಕೆಟ್ಟಿದ್ದರೂ ಕೇಳಿದರೆ ತನ್ನ ಸೀರಿಯಲ್ ಹೇಳುವ ಸ್ಥಿತಿಯಲ್ಲಿತ್ತು. ಪೂರ್ತಿ ಸತ್ತ ಡಿಸ್ಕ್ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಆಗ ಉಳಿದ ಮೂರರ ಸೀರಿಯಲ್‌ಗಳನ್ನು ಹಾಳೆಯಲ್ಲಿ ಹೊಡೆದುಹಾಕುತ್ತಾ ಹೋಗಿ, ಉಳಿದ ಒಂದನ್ನು ಹಿಡಿಯಬೇಕು. ಹಾಳೆಯೇ ಇಲ್ಲದೆ, ದೀಪದ ಉಪಾಯವೂ ನಡೆಯದಿದ್ದರೆ ಸರ್ವರ್ ಬಂದ್ ಮಾಡಿ ಒಂದೊಂದೇ ಟ್ರೇ ಎಳೆದು ಸ್ಟಿಕ್ಕರ್ ಓದುವುದೊಂದೇ ದಾರಿ. ಹಾಗಾಗಿ ಹೊಸ ಸರ್ವರ್ ಬಂದ ದಿನವೇ, ಡಿಸ್ಕ್‌ಗಳನ್ನು ಟ್ರೇಗೆ ಹಾಕುವ ಮುಂಚೆ, ಯಾವ ಟ್ರೇಗೆ ಯಾವ ಸೀರಿಯಲ್ ಎಂದು ಬರೆದುಕೊಳ್ಳುತ್ತೇವೆ. ಒಂದು ಪ್ರತಿ ಮುಚ್ಚಳದ ಮೇಲೆ, ಇನ್ನೊಂದು ಕಚೇರಿಯ ಕಡತದಲ್ಲಿ. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಆ ಹಾಳೆಯಲ್ಲಿ ಬರೆಯಲು ಯಾರಿಗೂ ಬಿಡುವುದಿಲ್ಲ, ಆರು ತಿಂಗಳ ಮೇಲೆ ಅವೇ ದಾರಿ ತಪ್ಪಿಸುತ್ತವೆ. ಆಜ್ಞೆಗಳಲ್ಲೂ ಸಾಧ್ಯವಾದಲ್ಲೆಲ್ಲ ಡೆವ್, ಡಿಸ್ಕ್, ಬೈ-ಐಡಿ ಎಂಬ ಹಾದಿಯಲ್ಲಿರುವ ಉದ್ದನೆಯ ಹೆಸರನ್ನೇ ಬಳಸುತ್ತೇವೆ. ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ಎರಡೂ ಸೇರಿರುತ್ತವೆ. ಟೈಪ್ ಮಾಡಲು ಬೇಸರ ಅನ್ನುವವರಿಗೆ ಟ್ಯಾಬ್ ಕೀ ಇದೆ.

ಈ ಪದ್ಧತಿ ಕೈಕೊಡುವ ಜಾಗಗಳೂ ಇವೆ. ಹಾರ್ಡ್‌ವೇರ್ ರೇಡ್ ಕಾರ್ಡ್ ಇರುವ ಸರ್ವರಿನಲ್ಲಿ ಎಲ್‌ಎಸ್‌ಬಿಎಲ್‌ಕೆ ಒಂದೇ ದೊಡ್ಡ ಡಿಸ್ಕ್ ತೋರಿಸುತ್ತದೆ. ಮಾಡೆಲ್ ಕಾಲಂನಲ್ಲಿ ಕಾರ್ಡಿನ ಹೆಸರಿರುತ್ತದೆ, ನಿಜವಾದ ಡಿಸ್ಕ್‌ಗಳು ಅದರ ಹಿಂದೆ ಅಡಗಿರುತ್ತವೆ. ಅವುಗಳ ಸೀರಿಯಲ್ ಬೇಕಾದರೆ ಕಾರ್ಡ್ ತಯಾರಕರ ಸ್ಟೋರ್‌ಸಿಎಲ್‌ಐನಂಥ ಉಪಕರಣ ಬೇಕು, ಇಲ್ಲವೇ ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಸಿಟಿಎಲ್‌ಗೆ ಮೈನಸ್ ಡಿ ಮೆಗಾರೇಡ್ ಎಂದು ಹೇಳಿ ಒಂದೊಂದೇ ಸಂಖ್ಯೆ ಕೊಟ್ಟು ಕೇಳಬೇಕು. ಕೆಲವು ಯುಎಸ್‌ಬಿ ಪೆಟ್ಟಿಗೆಗಳು ಒಳಗಿನ ಡಿಸ್ಕಿನ ಸೀರಿಯಲ್ ಬಿಟ್ಟು ತಮ್ಮದೇ ಸೀರಿಯಲ್ ಹೇಳುತ್ತವೆ. ಅಲ್ಲಿ ಪೆಟ್ಟಿಗೆ ಬಿಚ್ಚಿ ನೋಡಿ ಬರೆದದ್ದೇ ನಂಬಿಕೆಗೆ ಅರ್ಹ.

ಕ್ಲೌಡ್‌ನಲ್ಲಿ ಡಿಸ್ಕ್ ಮುಟ್ಟುವ ಮಾತೇ ಇಲ್ಲ, ಆದರೂ ಅದೇ ಕಾಲಂ ನೆರವಿಗೆ ಬರುತ್ತದೆ. ಅಮೆಜಾನ್‌ನ ನೈಟ್ರೊ ಎಂಬ ಬಗೆಯ ಕ್ಲೌಡ್ ಯಂತ್ರಗಳಲ್ಲಿ ಇಬಿಎಸ್ ವಾಲ್ಯೂಮ್‌ಗಳು, ಅಂದರೆ ಕ್ಲೌಡ್‌ನ ಡಿಸ್ಕ್‌ಗಳು, ಎನ್‌ವಿಎಂಇ ಸಾಧನಗಳಾಗಿ ಬರುತ್ತವೆ. ಕನ್ಸೋಲ್‌ನಲ್ಲಿ ನಾವು ಕೊಟ್ಟ ಹೆಸರು ಒಂದು, ಯಂತ್ರದೊಳಗೆ ಕಾಣುವ ಹೆಸರು ಇನ್ನೊಂದು. ಸೀರಿಯಲ್ ಕಾಲಂ ನೋಡಿದರೆ ವಾಲ್ಯೂಮ್‌ನ ಗುರುತಿನ ಸಂಖ್ಯೆ, ನಡುವಿನ ಅಡ್ಡಗೆರೆಯೊಂದನ್ನು ಬಿಟ್ಟು, ಹಾಗೆಯೇ ಅಲ್ಲಿರುತ್ತದೆ. ನಮ್ಮ ತಂಡದಲ್ಲಿ ವಾಲ್ಯೂಮ್ ಡಿಟ್ಯಾಚ್ ಮಾಡುವ, ಅಂದರೆ ಯಂತ್ರದಿಂದ ಬೇರ್ಪಡಿಸುವ, ಕೋರಿಕೆ ಬಂದರೆ, ಆ ಸೀರಿಯಲ್ ಇರುವ ಸಾಲನ್ನು ಕೋರಿಕೆಯ ಜೊತೆ ಅಂಟಿಸಿರಬೇಕು. ಅಂಟಿಸಿಲ್ಲದಿದ್ದರೆ ಆ ಕೋರಿಕೆಯನ್ನು ಕಳಿಸಿದವರಿಗೇ ಹಿಂದಿರುಗಿಸುತ್ತೇವೆ.