ಟಕೋಮಾ ಬೆನ್ನ ಮೇಲೊಂದು ಗೂಡು

ಸ್ಯಾನ್ ಹೋಸೆಯ ನಮ್ಮ ಮನೆ ಮುಂದೆ ಶನಿವಾರ ಪೂರ್ತಿ ಇದೇ ಕೆಲಸ. ಟಕೋಮಾ ಪಿಕಪ್‌ನ ಫೈಬರ್‌ಗ್ಲಾಸ್ ಕ್ಯಾಂಪರ್ ಶೆಲ್ (ಹಿಂದಿನ ತೊಟ್ಟಿಯನ್ನು ಮುಚ್ಚುವ ಗಟ್ಟಿ ಮಾಡು) ಮೇಲೆ ರೂಫ್‌ಟಾಪ್ ಟೆಂಟ್ ಕೂರಿಸಿದೆವು.

ಟೆಂಟ್ ತೂಕ 59 ಕೆಜಿ. ಮೊದಲು ನೋಡಬೇಕಾದ್ದು ಶೆಲ್ ಎಷ್ಟು ಭಾರ ತಡೆಯುತ್ತೆ ಅನ್ನೋದು. ಗಾಡಿ ನಿಂತಾಗಿನ ಲೆಕ್ಕ ಬೇರೆ, ಓಡುವಾಗಿನ ಲೆಕ್ಕ ಬೇರೆ. ತಿರುವಿನಲ್ಲಿ, ಹಳ್ಳದಲ್ಲಿ, ಬ್ರೇಕ್ ಹಾಕಿದಾಗ ಭಾರ ಎಳೆದಾಡುತ್ತೆ. ಅದಕ್ಕೇ ಓಡುವಾಗಿನ ಮಿತಿ ಕಡಿಮೆ. ಟೆಂಟ್ ಕೂರುವ ಕಂಬಿ ಚೌಕಟ್ಟು, ಅಂದರೆ ರ‍್ಯಾಕ್ ತೂಕವನ್ನೂ ಅದರಲ್ಲೇ ಸೇರಿಸಬೇಕು.

ಆ ರ‍್ಯಾಕನ್ನು ಬರೀ ಫೈಬರ್‌ಗ್ಲಾಸ್‌ಗೆ ಸ್ಕ್ರೂ ಹಾಕಿದರೆ ಸಾಲದು, ಕಿತ್ತು ಬರುತ್ತೆ. ತೂತು ಕೊರೆದು ಬೋಲ್ಟ್ ಇಳಿಸಿ, ಒಳಗಡೆ ಅಲ್ಯೂಮಿನಿಯಂ ಪಟ್ಟಿ ಕೊಟ್ಟು ನಟ್ ಬಿಗಿದೆ. ಆಗ ಭಾರ ಅಗಲಕ್ಕೆ ಹಂಚಿಹೋಗುತ್ತೆ. ಪ್ರತಿ ತೂತಿನ ಸುತ್ತ ನೀರು ಒಳಗೆ ಇಳಿಯದಂತೆ ಬ್ಯುಟೈಲ್ ಟೇಪ್, ಅಂದರೆ ಮೆತ್ತನೆಯ ರಬ್ಬರ್ ಅಂಟುಪಟ್ಟಿ. ಹಲಸಿನ ಮೇಣದ ಹಾಗೆ ಕೈಗೆ ಅಂಟುತ್ತೆ. ಬೋಲ್ಟ್ ಬಿಗಿದಂತೆ ಅದು ಅಂಚಿನಲ್ಲಿ ಕಪ್ಪಗೆ ಉಬ್ಬಿ ಹೊರಬರಬೇಕು. ಒಂದು ತೂತಿಗೆ ಕಡಿಮೆ ಹಾಕಿದ್ದೆ. ಪೈಪಿನಿಂದ ನೀರು ಬಿಟ್ಟಾಗ ಒಳಗೆ ಕೂತಿದ್ದ ಹೆಂಡತಿ, “ರೀ, ಇಲ್ಲಿ ತೊಟ್ಟಿಕ್ತಿದೆ” ಅಂದಳು. ಬಿಚ್ಚಿ ಮತ್ತೆ ಹಾಕಿದೆ.

80 ಕಿ.ಮೀ. ಓಡಿಸಿದ ಮೇಲೆ ನಿಲ್ಲಿಸಿ ಎಲ್ಲ ಬೋಲ್ಟ್ ಮುಟ್ಟಿ ನೋಡಿದೆ. ಎರಡು ಸಡಿಲವಾಗಿದ್ದವು! ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಮೊದಲ ರಾತ್ರಿ ಕ್ಯಾಲಿಫೋರ್ನಿಯಾದ್ದೇ ಆದ ಅಲಬಾಮಾ ಹಿಲ್ಸ್‌ನಲ್ಲಿ. ತುಂಬಾ ಗಾಳಿ ಇತ್ತು, ಶೆಲ್ ಕಿರುಗುಟ್ಟಲಿಲ್ಲ. ಬೆಳಗ್ಗೆ ಜಿಪ್ ಎಳೆದರೆ ಎದುರಿಗೇ 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ, ತುದಿ ಮಾತ್ರ ಕೆಂಪಾಗಿತ್ತು. ಮಗಳು ಏಣಿ ಮೇಲೇ ಕೂತು ಅವಲಕ್ಕಿ ತಿಂದಳು.